1080ಐ ವಿಡಿಯೊ ಅಪ್‌ಲೋಡ್ ಮಾಡುವ ಮುನ್ನ: ಫೀಲ್ಡುಗಳಿಗೆ ಯಾವ ದಾರಿ?

ಹಳೆಯ ಎಚ್‌ಡಿ ಕ್ಯಾಮ್‌ಕಾರ್ಡರನ್ನು ನೇರವಾಗಿ ಟಿವಿಗೆ ಸಿಕ್ಕಿಸಿ ನೋಡಿ. ಓಡುವ ಮಗು, ತಿರುಗುವ ಸೈಕಲ್ ಚಕ್ರ, ಎಲ್ಲವೂ ನೀರು ಹರಿದಷ್ಟು ಸಲೀಸು. ಅದೇ ತುಣುಕನ್ನು ಕಂಪ್ಯೂಟರಿಗೆ ಹಾಕಿ, ಎಡಿಟ್ ಮಾಡಿ, ಎಕ್ಸ್‌ಪೋರ್ಟ್ ಒತ್ತಿ, ಯೂಟ್ಯೂಬಿಗೆ ಏರಿಸಿದರೆ ಕೈ ಬೀಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು. ಇಲ್ಲವೇ ಓಡುವವನ ಹಿಂದೆ ಅವನದೇ ಮಸುಕು ನೆರಳು. ಅದೂ ಇಲ್ಲವೆಂದರೆ ಚಲನೆಯೇ ತಡವರಿಸುತ್ತದೆ. ಆಗ ಹೆಚ್ಚಿನವರು ಮೊದಲು ಕೈ ಹಾಕುವುದು ಬಿಟ್‌ರೇಟಿಗೆ, ಅಂದರೆ ಸೆಕೆಂಡಿನ ವಿಡಿಯೊಗೆ ಎಷ್ಟು ಮಾಹಿತಿ ಎಂಬ ಲೆಕ್ಕಕ್ಕೆ. ನಾನೂ ಹಾಗೇ ಮಾಡಿದವನು. 10 ಮೆಗಾಬಿಟ್ ಇದ್ದದ್ದು 20 ಆಯಿತು, 20 ಇದ್ದದ್ದು 50 ಆಯಿತು. ಬಾಚಣಿಗೆ ಇನ್ನಷ್ಟು ಚೊಕ್ಕವಾಗಿ ಕಂಡಿತು, ಅಷ್ಟೇ.

ಇಂಥ ಕ್ಯಾಮ್‌ಕಾರ್ಡರಿನ 1080ಐ ವಿಡಿಯೊ ಇಂಟರ್‌ಲೇಸ್ಡ್, ಅಂದರೆ ಫೀಲ್ಡ್ ಎಂಬ ಅರ್ಧಚಿತ್ರಗಳನ್ನು ಹೆಣೆದದ್ದು. ಅದರ ಗುಣಮಟ್ಟ ಹಾಳಾಗುವುದು ಬಹುಮಟ್ಟಿಗೆ ಆ ಫೀಲ್ಡುಗಳನ್ನು ಪೂರ್ಣ ಚಿತ್ರಗಳಾದ ಫ್ರೇಮುಗಳಾಗಿ ಮಾಡುವ ಹಂತದಲ್ಲಿ. ಈ ಕೆಲಸಕ್ಕೆ ಡಿಇಂಟರ್‌ಲೇಸ್ ಎಂದು ಹೆಸರು. ಅಲ್ಲಿ ಕೆಟ್ಟದ್ದನ್ನು ಮುಂದಿನ ಯಾವ ಸೆಟ್ಟಿಂಗೂ ಸರಿಪಡಿಸುವುದಿಲ್ಲ. ಹಾಗಾಗಿ ಈ ಹೋಲಿಕೆಯ ಬಹುಪಾಲು ಆ ಹಂತದ ಬಗ್ಗೆಯೇ ಇದೆ. ಬಿಟ್‌ರೇಟಿನ ಮಾತು ಕೊನೆಗೆ, ಚಿಕ್ಕದಾಗಿ.

ಫೈಲು 25 ಎನ್ನುತ್ತದೆ, ಕ್ಯಾಮರಾ ತೆಗೆದದ್ದು 50

ಕ್ಯಾಮರಾದ ಮೇಲೆ 50ಐ ಎಂದಿದ್ದರೆ ಅದು ಸೆಕೆಂಡಿಗೆ 50 ಬಾರಿ ದೃಶ್ಯವನ್ನು ಹಿಡಿಯುತ್ತದೆ. ಪ್ರತಿ ಸಲವೂ ಅರ್ಧದಷ್ಟು ಸಾಲುಗಳನ್ನು ಮಾತ್ರ ಬರೆದಿಡುತ್ತದೆ. ಒಮ್ಮೆ ಬೆಸ ಸಾಲುಗಳು, ಮರುಸಲ ಸಮ ಸಾಲುಗಳು. 540 ಸಾಲಿನ ಈ ಅರ್ಧಚಿತ್ರವೇ ಫೀಲ್ಡ್. ಎರಡು ಫೀಲ್ಡುಗಳನ್ನು ಹೆಣೆದು ಒಂದು ಫ್ರೇಮಿನಲ್ಲಿ ಇಡುವುದರಿಂದ ಫೈಲು ತನ್ನನ್ನು 25 ಫ್ರೇಮಿನದು ಎಂದು ಪರಿಚಯಿಸಿಕೊಳ್ಳುತ್ತದೆ. 60ಐ ಆದರೆ ಸೆಕೆಂಡಿಗೆ 59.94 ಫೀಲ್ಡ್, 29.97 ಫ್ರೇಮ್. 50ಐ ಆದರೆ ಒಂದೇ ಫ್ರೇಮಿನಲ್ಲಿ ಕೂತ ಎರಡು ಫೀಲ್ಡುಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಕಾಲ ಕಳೆದಿರುತ್ತದೆ. ಆ ಅವಧಿಯಲ್ಲಿ ಕೈ ಜಾಗ ಬದಲಿಸಿದ್ದರೆ ಬೆಸ ಸಾಲುಗಳಲ್ಲಿ ಕೈ ಒಂದು ಕಡೆ, ಸಮ ಸಾಲುಗಳಲ್ಲಿ ಇನ್ನೊಂದು ಕಡೆ. ಬಾಚಣಿಗೆ ಹುಟ್ಟುವುದು ಹೀಗೆ.

ಇದು ಯಾರದೋ ದಡ್ಡತನದಿಂದ ಬಂದದ್ದಲ್ಲ. 1936ರ ನವೆಂಬರಿನಲ್ಲಿ ಬಿಬಿಸಿ ಟಿವಿ ಪ್ರಸಾರ ಆರಂಭಿಸಿದಾಗ ಎರಡು ಪದ್ಧತಿಗಳನ್ನು ಸರದಿಯ ಮೇಲೆ ಓಡಿಸಿತು: ಸಂಶೋಧಕ ಬೇರ್ಡ್ ಅವರ 240 ಸಾಲಿನ ಪ್ರೋಗ್ರೆಸಿವ್ (ಪ್ರತಿ ಸಲವೂ ಎಲ್ಲ ಸಾಲುಗಳನ್ನೂ ತೋರಿಸುವುದು), ಮಾರ್ಕೋನಿ-ಇಎಂಐ ಕಂಪನಿಯ 405 ಸಾಲಿನ ಇಂಟರ್‌ಲೇಸ್ಡ್. ಮರುವರ್ಷ ಫೆಬ್ರುವರಿಯಲ್ಲಿ ಬೇರ್ಡ್ ಪದ್ಧತಿಯನ್ನು ಕೈಬಿಟ್ಟರು. ಅದೇ ಬ್ಯಾಂಡ್‌ವಿಡ್ತಿನಲ್ಲಿ ಮಿನುಗು ಕಡಿಮೆ ಮಾಡಿ ಚಲನೆಯನ್ನು ಸಲೀಸಾಗಿ ತೋರಿಸುವ ಜಾಣ ಉಪಾಯ ಇಂಟರ್‌ಲೇಸ್. ಹಳೆಯ ಗಾಜಿನ ಟಿವಿಗಳು ಸಾಲು ಸಾಲಾಗಿಯೇ ಚಿತ್ರ ಬರೆಯುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಇಂದಿನ ಫೋನು, ಮಾನಿಟರುಗಳು ಇಡೀ ಫ್ರೇಮನ್ನು ಒಟ್ಟಿಗೆ ತೋರಿಸುತ್ತವೆ.

ಅಂದರೆ 1080ಐ ವಿಡಿಯೊದಲ್ಲಿ ಎರಡು ಬಗೆಯ ಆಸ್ತಿ ಇದೆ: ಚಿತ್ರದ ವಿವರ ಮತ್ತು ಕಾಲದ ವಿವರ. ವಿವರಕ್ಕಾಗಿ ಎಲ್ಲರೂ ಒದ್ದಾಡುತ್ತಾರೆ, ಕಾಲವನ್ನು ಗೊತ್ತಿಲ್ಲದೆ ಅರ್ಧಕ್ಕೆ ಕತ್ತರಿಸಿ ಎಸೆಯುತ್ತಾರೆ. ಫೈಲು 25 ಎಂದು ಹೇಳಿದ್ದನ್ನು ನಂಬಿ 25ಪಿ (ಸೆಕೆಂಡಿಗೆ 25 ಪ್ರೋಗ್ರೆಸಿವ್ ಫ್ರೇಮ್) ಎಂದು ಎಕ್ಸ್‌ಪೋರ್ಟ್ ಮಾಡುವವರೆಲ್ಲ ಮಾಡುತ್ತಿರುವುದು ಇದನ್ನೇ.

ಮೊದಲು ಕೈಯಲ್ಲಿರುವುದು ಏನೆಂದು ನೋಡಿ

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದರೆ ಸ್ಕ್ಯಾನ್ ಟೈಪ್, ಸ್ಕ್ಯಾನ್ ಆರ್ಡರ್ ಎಂಬ ಸಾಲುಗಳು ಕಾಣುತ್ತವೆ. ಆದರೆ ಅದನ್ನೇ ವೇದವಾಕ್ಯ ಎಂದುಕೊಳ್ಳಬೇಡಿ. ಕೆಲವು ಕ್ಯಾಮರಾಗಳು 25ಪಿ ಚಿತ್ರವನ್ನು 50ಐ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತವೆ. ಅಲ್ಲಿ ಎರಡೂ ಫೀಲ್ಡುಗಳು ಒಂದೇ ಕ್ಷಣದವು, ಚೀಟಿ ಮಾತ್ರ ಇಂಟರ್‌ಲೇಸ್ಡ್ ಎನ್ನುತ್ತದೆ. ಅದನ್ನು ಡಿಇಂಟರ್‌ಲೇಸ್ ಮಾಡಿದರೆ ಇದ್ದ ವಿವರವನ್ನು ನಾವೇ ಕೆಡಿಸಿದ ಹಾಗೆ. 60ಐ ಲೋಕದಲ್ಲಿ ಇನ್ನೊಂದು ವೇಷ ಉಂಟು: 24ಪಿ ಚಿತ್ರವನ್ನು ಪುಲ್‌ಡೌನ್ ಮಾಡಿ, ಅಂದರೆ ಕೆಲವು ಫೀಲ್ಡುಗಳನ್ನು ಮತ್ತೆ ಬಳಸಿ, 60ಐ ಒಳಗೆ ತುಂಬಿರುವುದು. ಇದಕ್ಕೆ ಬೇಕಾದದ್ದು ಡಿಇಂಟರ್‌ಲೇಸ್ ಅಲ್ಲ, ಪುಲ್‌ಡೌನ್ ತೆಗೆದು 24ಕ್ಕೆ ಮರಳಿಸುವ ಡಿಟೆಲಿಸಿನ್.

ಗುರುತಿಸಲು ಕಣ್ಣೇ ಸಾಕು. ವಿಎಲ್‌ಸಿ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ ಆಫ್ ಮಾಡಿ, ಕ್ಯಾಮರಾ ಅತ್ತಿತ್ತ ತಿರುಗುವ ಒಂದು ಶಾಟ್ ಹುಡುಕಿ, ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸಿ. ಪ್ರತಿ ಫ್ರೇಮಿನಲ್ಲೂ ಬಾಚಣಿಗೆ ಕಂಡರೆ ನಿಜವಾದ ಇಂಟರ್‌ಲೇಸ್ಡ್. ಎಲ್ಲೂ ಕಾಣದಿದ್ದರೆ ಪೊಟ್ಟಣ ಮಾತ್ರ ಇಂಟರ್‌ಲೇಸ್ಡ್. ಮೂರು ಫ್ರೇಮ್ ಚೊಕ್ಕ, ಎರಡು ಫ್ರೇಮ್ ಬಾಚಣಿಗೆ, ಮತ್ತೆ ಮೂರು ಚೊಕ್ಕ ಎಂಬ ತಾಳ ಹಿಡಿದರೆ ಪುಲ್‌ಡೌನ್. ಈ ಎರಡು ನಿಮಿಷದ ಪರೀಕ್ಷೆಯನ್ನು ಬಿಟ್ಟು ಯಾವ ಫಿಲ್ಟರ್ ಒಳ್ಳೆಯದು ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಫೀಲ್ಡಿನ ಸರದಿಯನ್ನೂ ಇಲ್ಲಿಯೇ ನೋಡಿಕೊಳ್ಳಿ. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು. ಹಳೆಯ ಎಸ್‌ಡಿ ಡಿವಿ ಟೇಪುಗಳಲ್ಲಿ ಕೆಳಗಿನದು ಮೊದಲು. ಎರಡನ್ನೂ ಒಂದೇ ಟೈಮ್‌ಲೈನಿನಲ್ಲಿ ಬೆರೆಸಿದಾಗ ಸರದಿ ತಪ್ಪುತ್ತದೆ. ಆಗ ಚಲನೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಾ ನಡುಗುತ್ತದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ದಾರಿಗಳು

ಏನೂ ಮಾಡದೆ ಇಂಟರ್‌ಲೇಸ್ಡ್ ಫೈಲನ್ನೇ ಏರಿಸುವುದು ಮೊದಲನೆಯದು. ಸೋಮಾರಿಗೆ ಸುಲಭ. ಡಿಇಂಟರ್‌ಲೇಸ್ ಮಾಡಿದ ಮೇಲೆಯೇ ಅಪ್‌ಲೋಡ್ ಮಾಡಿ ಎಂದು ಯೂಟ್ಯೂಬಿನ ಮಾರ್ಗಸೂಚಿಯೇ ಹೇಳುತ್ತದೆ. ಸೈಟಿನ ಕಡೆ ಯಾವ ಫಿಲ್ಟರ್ ಓಡುತ್ತದೆ, ಹೇಗೆ ಓಡುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ. ಮಾಡಬೇಡಿ.

ಎರಡನೆಯದು ಒಂದು ಫೀಲ್ಡನ್ನು ಎಸೆದು ಉಳಿದದ್ದನ್ನು ಹಿಗ್ಗಿಸುವುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಇದೇ. ಬಾಚಣಿಗೆ ಹೋಗುತ್ತದೆ, ಜೊತೆಗೆ ಅರ್ಧ ವಿವರವೂ ಅರ್ಧ ಕಾಲವೂ ಹೋಗುತ್ತವೆ. ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗುತ್ತವೆ. ಕೊನೆಯ ವಿಡಿಯೊ 540 ಸಾಲಿಗಿಂತ ಚಿಕ್ಕದಾಗಿದ್ದರೆ ಮಾತ್ರ ಇದಕ್ಕೊಂದು ಅರ್ಥವಿದೆ.

ಬ್ಲೆಂಡ್ ಮಾಡುವುದು, ಅಂದರೆ ಎರಡು ಫೀಲ್ಡುಗಳನ್ನು ಒಂದರ ಮೇಲೊಂದು ಕಲಸುವುದು, ನನ್ನ ಲೆಕ್ಕದಲ್ಲಿ ಇದಕ್ಕಿಂತಲೂ ಕೆಟ್ಟದ್ದು. ಸ್ಟಿಲ್ ಆಗಿ ನಿಲ್ಲಿಸಿ ನೋಡಿದರೆ ಮೃದುವಾಗಿ ಚೆನ್ನಾಗಿ ಕಾಣುತ್ತದೆ, ಆದ್ದರಿಂದಲೇ ಮೋಸ ಹೋಗುತ್ತೇವೆ. ಓಡಿಸಿದರೆ ಪ್ರತಿ ಚಲನೆಗೂ ಜೋಡಿ ನೆರಳು. ಎಸೆದ ಫೀಲ್ಡ್ ಮೂಲದಲ್ಲಾದರೂ ಇರುತ್ತದೆ, ಬ್ಲೆಂಡ್ ಆದ ಫೈಲು ಮಾತ್ರ ಉಳಿದಿದ್ದರೆ ಎರಡನ್ನೂ ಬಿಡಿಸಲಾಗದು.

ಈಗ ಗಂಭೀರವಾಗಿ ಪರಿಗಣಿಸಬಹುದಾದ ದಾರಿಗಳಿಗೆ ಬರೋಣ.

50ಐ ಯನ್ನು 25ಪಿ ಮಾಡುವ ಅಡಾಪ್ಟಿವ್ ಡಿಇಂಟರ್‌ಲೇಸ್ ಒಂದು. ಯಾಡಿಫ್, ಬಿಡಬ್ಲ್ಯೂಡಿಫ್ ಎಂಬ ಫಿಲ್ಟರುಗಳು ಎಫ್‌ಎಫ್‌ಎಂಪೆಗ್, ಹ್ಯಾಂಡ್‌ಬ್ರೇಕ್ ಎಂಬ ಉಚಿತ ವಿಡಿಯೊ ಪರಿವರ್ತಕಗಳೆರಡರಲ್ಲೂ ಇವೆ. ಇವು ಅಲುಗಾಡದ ಜಾಗದಲ್ಲಿ ಎರಡು ಫೀಲ್ಡುಗಳ ಸಾಲುಗಳನ್ನು ಹಾಗೇ ಉಳಿಸಿಕೊಂಡು, ಅಲುಗಾಡಿದ ಜಾಗದಲ್ಲಿ ಮಾತ್ರ ಕಾಣೆಯಾದ ಸಾಲುಗಳನ್ನು ಅಕ್ಕಪಕ್ಕದಿಂದ ಊಹಿಸಿ ತುಂಬುತ್ತವೆ. ಹಿನ್ನೆಲೆಯ ಗೋಡೆ, ಬೋರ್ಡಿನ ಮೇಲಿನ ಅಕ್ಷರಗಳು ಪೂರ್ತಿ ವಿವರದಲ್ಲಿ ಉಳಿಯುತ್ತವೆ. ಯೂಟ್ಯೂಬ್ ಮಾರ್ಗಸೂಚಿಯ ಉದಾಹರಣೆಯೂ 1080ಐ60 ಯನ್ನು 1080ಪಿ30 ಮಾಡಿ ಎಂದೇ ಇದೆ. ನಾನು ಇದನ್ನು ಅರ್ಧ ಒಪ್ಪುತ್ತೇನೆ. ಭಾಷಣ, ಪಾಠ, ಸಂದರ್ಶನಕ್ಕೆ ಇಷ್ಟು ಸಾಕು. ಫೈಲೂ ಚಿಕ್ಕದು.

ಕುಣಿತಕ್ಕೆ, ಆಟಕ್ಕೆ, ಓಡಾಡುವ ಮಕ್ಕಳಿಗೆ ಸಾಲದು. ಯಾಕೆ ಸಾಲದು ಎಂಬುದು ಷಟರ್ ವೇಗದಲ್ಲಿ, ಅಂದರೆ ಪ್ರತಿ ಚಿತ್ರಕ್ಕೂ ಕ್ಯಾಮರಾ ಬೆಳಕು ಹಿಡಿಯುವ ಅವಧಿಯಲ್ಲಿ ಅಡಗಿದೆ. ಮಬ್ಬು ಬೆಳಕಿನಲ್ಲಿ 1/50 ಸೆಕೆಂಡಿನ ಷಟರಿನಲ್ಲಿ ತೆಗೆದದ್ದಾದರೆ ಪ್ರತಿ ಫೀಲ್ಡಿನಲ್ಲೂ ಸ್ವಲ್ಪ ಚಲನೆಯ ಮಸುಕು ಇರುತ್ತದೆ. ಅದನ್ನು 25ಪಿ ಮಾಡಿದರೆ ಸಿನಿಮಾದಲ್ಲಿ ರೂಢಿಯಿರುವಷ್ಟೇ ಮಸುಕು ಬಂದು ಕಣ್ಣು ಒಪ್ಪಿಕೊಳ್ಳುತ್ತದೆ. ಅದೇ ಬಿಸಿಲಿನಲ್ಲಿ ಆಟೋಮ್ಯಾಟಿಕ್ ಕ್ಯಾಮರಾ ಷಟರನ್ನು 1/500ಕ್ಕೋ ಅದಕ್ಕಿಂತ ಮೇಲಕ್ಕೋ ಒಯ್ದಿದ್ದರೆ ಪ್ರತಿ ಫೀಲ್ಡೂ ಕೊರೆದಿಟ್ಟಂತೆ ಚೂಪು. ಅವುಗಳಲ್ಲಿ ಅರ್ಧವನ್ನು ಎಸೆದರೆ ಚೆಂಡು ಉರುಳುವುದಿಲ್ಲ, ನೆಗೆನೆಗೆದು ಹೋಗುತ್ತದೆ. ಒಂದೇ ಕ್ಯಾಮರಾ, ಒಂದೇ ಸೆಟ್ಟಿಂಗ್, ಒಳಾಂಗಣದ ವಿಡಿಯೊ ಸರಿ ಬಂತು, ಮೈದಾನದ್ದು ಯಾಕೆ ಕುಕ್ಕುತ್ತದೆ ಎಂದು ಕೇಳುವವರಿಗೆ ಉತ್ತರ ಬಹುಸಲ ಇಲ್ಲೇ ಸಿಗುತ್ತದೆ.

ಅಲ್ಲಿಗೆ ಬೇಕಾದದ್ದು ಫೀಲ್ಡಿಗೊಂದು ಫ್ರೇಮ್: 50ಐ ಯಿಂದ 50ಪಿ, 60ಐ ಯಿಂದ 59.94ಪಿ. ಹ್ಯಾಂಡ್‌ಬ್ರೇಕಿನಲ್ಲಿ ಇದರ ಹೆಸರು ಬಾಬ್. ಎಫ್‌ಎಫ್‌ಎಂಪೆಗ್ ಬಳಸುವವರು ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಫಿಲ್ಟರಿನ ಮೋಡನ್ನು 1 ಎಂದು ಕೊಟ್ಟರೆ ಫೀಲ್ಡಿಗೊಂದು ಫ್ರೇಮ್ ಬರುತ್ತದೆ, 0 ಕೊಟ್ಟರೆ ಎರಡು ಫೀಲ್ಡಿಗೆ ಒಂದು. ಇಷ್ಟೇ ವ್ಯತ್ಯಾಸ, ಆದರೆ ಪರದೆಯ ಮೇಲೆ ಅಜಗಜಾಂತರ. ಯಾಡಿಫ್, ಬಿಡಬ್ಲ್ಯೂಡಿಫ್ ಎರಡರಲ್ಲಿ ಬಿಡಬ್ಲ್ಯೂಡಿಫ್ ನನಗೆ ಇಷ್ಟ. ಅಂಚುಗಳು ಕಡಿಮೆ ಮಿಡುಕುತ್ತವೆ, ವೇಗದಲ್ಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ. ಹತ್ತರಲ್ಲಿ ಎಂಟು ಕೆಲಸಕ್ಕೆ ನಾನು ಆರಿಸುವುದು ಇದನ್ನೇ.

ಉಳಿದ ಎರಡಕ್ಕೆ ಕ್ಯೂಟಿಜಿಎಂಸಿ. ಇದು ಏವಿಸಿಂಥ್ ಮತ್ತು ವೇಪರ್‌ಸಿಂಥ್ ಎಂಬ ವಿಡಿಯೊ ತಂತ್ರಾಂಶಗಳಲ್ಲಿ ಓಡುವ ಡಿಇಂಟರ್‌ಲೇಸ್ ಸ್ಕ್ರಿಪ್ಟ್. ಸ್ಕ್ರಿಪ್ಟ್ ಬರೆಯಲು ಬಾರದವರಿಗೆ ಹೈಬ್ರಿಡ್, ಸ್ಟ್ಯಾಕ್ಸ್‌ರಿಪ್‌ನಂಥ ಉಚಿತ ತಂತ್ರಾಂಶಗಳು ಗುಂಡಿ ಒತ್ತುವಷ್ಟಕ್ಕೆ ಸುಲಭ ಮಾಡಿವೆ. ಅಕ್ಕಪಕ್ಕದ ಸಾಲುಗಳನ್ನಷ್ಟೇ ಅಲ್ಲ, ಹಿಂದಿನ ಮುಂದಿನ ಫೀಲ್ಡುಗಳಲ್ಲಿ ಆ ವಸ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಲೆಕ್ಕಹಾಕಿ ಅಲ್ಲಿಂದ ವಿವರ ತರುತ್ತದೆ. ಯಾಡಿಫ್‌ನಲ್ಲಿ ಮಿನಮಿನ ನಡುಗುವ ತೆಳು ಗೆರೆಗಳು, ಗ್ರಿಲ್ಲು, ತಂತಿ, ಪಟ್ಟೆ ಅಂಗಿ, ಇಲ್ಲಿ ಅಲುಗದೆ ನಿಲ್ಲುತ್ತವೆ. ಈ ಸ್ಥಿರತೆಯಿಂದ ಅಪ್‌ಲೋಡಿಗೂ ಲಾಭ: ನಡುಗುವ ಗೆರೆಗಳನ್ನು ಹೊಸ ಮಾಹಿತಿ ಎಂದುಕೊಂಡು ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಬಿಟ್ ಸುರಿಯುವುದು ತಪ್ಪುತ್ತದೆ. ಬೆಲೆ ಎಂದರೆ ಸಮಯ. ಗಂಟೆಯ ವಿಡಿಯೊಗೆ ರಾತ್ರಿಯಿಡೀ ಕಂಪ್ಯೂಟರ್ ಓಡಬಹುದು. ಪ್ರಿಸೆಟ್ಟುಗಳು ಡ್ರಾಫ್ಟಿನಿಂದ ಪ್ಲಸೀಬೊವರೆಗೆ ಇವೆ. ಕೊನೆಯದರ ಹೆಸರೇ ತಮಾಷೆ (ಪ್ಲಸೀಬೊ ಎಂದರೆ ಔಷಧವಿಲ್ಲದ ಹುಸಿ ಮಾತ್ರೆ), ಅದನ್ನು ಮುಟ್ಟುವ ಅಗತ್ಯವಿಲ್ಲ. ಇನ್ನೊಂದು ಸ್ವಭಾವ: ಇದು ಮೂಲದ ನಾಯ್ಸನ್ನು (ಚಿತ್ರದ ಮೇಲೆ ಮಿಡುಕುವ ಕಾಳುಚುಕ್ಕೆಗಳನ್ನು) ಸ್ವಲ್ಪ ಅಳಿಸುತ್ತದೆ. ಕತ್ತಲಲ್ಲಿ ತೆಗೆದ ವಿಡಿಯೊಗೆ ಅದು ವರ. ಮುಖದ ಚರ್ಮ ಮೇಣದಂತೆ ಕಂಡರೆ ಹಿಂದೆ ಸರಿಯಿರಿ.

ಎಐ ಹೆಸರಿನಲ್ಲಿ ಬರುವವೂ ಇವೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಹಣ ಕೊಡುವ ಆವೃತ್ತಿಯಲ್ಲಿ ನ್ಯೂರಲ್ ಎಂಜಿನ್ ಬಳಸುವ ಡಿಇಂಟರ್‌ಲೇಸ್ ಇದೆ, ಟೋಪಾಜ್‌ನಲ್ಲೂ ಇದಕ್ಕೆಂದೇ ಮಾಡೆಲುಗಳಿವೆ. ಇರದ ವಿವರವನ್ನು ಹುಟ್ಟಿಸುವ ಚಾಳಿ ಇರುವ ಮಾಡೆಲುಗಳು ದೂರದ ಮುಖಗಳನ್ನು ಬೇರೆ ಯಾರದೋ ಮುಖವಾಗಿಸಿಬಿಡುತ್ತವೆ. ಎರಡು ನಿಮಿಷದ ತುಣುಕಿನಲ್ಲಿ ಪರೀಕ್ಷಿಸಿ, ಒಪ್ಪಿಗೆಯಾದರೆ ಮುಂದುವರಿಯಿರಿ.

720ಪಿ50 ಗೆ ಇಳಿಸುವ ಸಲಹೆಯನ್ನೂ ಕೇಳಿರುತ್ತೀರಿ. ಅದರಲ್ಲಿ ಹುರುಳಿಲ್ಲದಿಲ್ಲ. ಇಂಟರ್‌ಲೇಸ್ಡ್ ಕ್ಯಾಮರಾಗಳು ತೆಳು ಗೆರೆಗಳು ಮಿನುಗದಿರಲೆಂದು ಮೇಲಿಂದ ಕೆಳಗಿನ ವಿವರವನ್ನು ಬೇಕೆಂದೇ ತುಸು ಮಸುಕು ಮಾಡುತ್ತವೆ. ಹಾಗಾಗಿ 1080ಐ ಚಿತ್ರದಲ್ಲಿ 1080 ಸಾಲಿನಷ್ಟು ನಿಜ ವಿವರ ಇರುವುದೇ ಇಲ್ಲ. ಆದರೂ ನಾನು 720ಕ್ಕೆ ಹೋಗುವುದಿಲ್ಲ. ಅಡ್ಡಗಲದ ವಿವರ ಸುಮ್ಮನೆ ಹೋಗುತ್ತದೆ, ಮೇಲಾಗಿ ಯೂಟ್ಯೂಬ್ ಚಿಕ್ಕ ಅಳತೆಗೆ ಕೊಡುವ ಬಿಟ್ಟೂ ಕಡಿಮೆ.

ಎಲ್ಲಕ್ಕಿಂತ ದುಬಾರಿ ತಪ್ಪು

ಒಂದು ನೃತ್ಯ ಕಾರ್ಯಕ್ರಮದ ರೆಕಾರ್ಡಿಂಗನ್ನು ನಾನು ಹಿಂದೊಮ್ಮೆ 1080ಐ ಯಿಂದ ನೇರವಾಗಿ 720ಕ್ಕೆ ಇಳಿಸಿ ಎಕ್ಸ್‌ಪೋರ್ಟ್ ಮಾಡಿದ್ದೆ. ಡಿಇಂಟರ್‌ಲೇಸ್ ಆಮೇಲೆ ಮಾಡಿದರಾಯಿತು ಎಂಬ ಧೈರ್ಯ. ಟೇಪುಗಳ ಮೇಲೆ ಅಷ್ಟರಲ್ಲಿ ಬೇರೆ ಏನೋ ತುಂಬಿ ಆಗಿತ್ತು. ಅಳತೆ ಬದಲಿಸುವಾಗ ತಂತ್ರಾಂಶ ಬೆಸ ಸಾಲನ್ನೂ ಸಮ ಸಾಲನ್ನೂ ಒಟ್ಟಿಗೆ ಅರೆದಿತ್ತು. ಬಾಚಣಿಗೆ ಹಲ್ಲು ಸಣ್ಣ ಗೆರೆಯಾಗಿ ಉಳಿಯದೆ ದಪ್ಪ ದಪ್ಪ ಅಲೆಗಳಾಗಿ ಚಿತ್ರಕ್ಕೆ ಅಂಟಿಕೊಂಡಿತ್ತು. ಜಗತ್ತಿನ ಯಾವ ಫಿಲ್ಟರಿಗೂ ಅದರಿಂದ ಫೀಲ್ಡುಗಳನ್ನು ಬೇರ್ಪಡಿಸಲಾಗಲಿಲ್ಲ. ಆ ಫೈಲು ಇಂದಿಗೂ ಹಾಗೇ ಇದೆ.

ಹಾಗಾಗಿ ಡಿಇಂಟರ್‌ಲೇಸ್ ಮೊದಲು, ಅಳತೆ ಬದಲಾವಣೆ ಆಮೇಲೆ. ಸ್ಟೆಬಿಲೈಸ್, ತಿರುಗಿಸುವುದು, ಜೂಮ್ ಮಾಡುವುದು, ಎಲ್ಲಕ್ಕೂ ಇದೇ ಮಾತು. ಅಡ್ಡಗಲವನ್ನು ಮಾತ್ರ ಹಿಗ್ಗಿಸಿದರೆ ಫೀಲ್ಡಿಗೆ ಪೆಟ್ಟಿಲ್ಲ. ಎಚ್‌ಡಿವಿ ಟೇಪುಗಳು 1440×1080 ಆಗಿದ್ದು ಪಿಕ್ಸೆಲ್‌ಗಳು ಅಗಲವಾಗಿರುತ್ತವೆ. ಅವನ್ನು 1920ಕ್ಕೆ ಎಳೆಯುವುದು ಯಾವ ಹಂತದಲ್ಲಾದರೂ ಆಗಬಹುದು. ಎಳೆಯಲು ಮರೆತರೆ ಎಲ್ಲರೂ ತೆಳ್ಳಗೆ ಕಾಣುತ್ತಾರೆ.

ಎಡಿಟ್ ಮಾಡುವ ಮುನ್ನವೋ, ಮಾಡಿದ ಮೇಲೋ?

ಎರಡೂ ಆಗುತ್ತದೆ. ಮೊದಲೇ ಡಿಇಂಟರ್‌ಲೇಸ್ ಮಾಡಿ 50ಪಿ ಫೈಲುಗಳನ್ನು ಮಾಡಿಟ್ಟುಕೊಂಡು, 50ಪಿ ಟೈಮ್‌ಲೈನಿನಲ್ಲಿ ಎಡಿಟ್ ಮಾಡುವುದು ನೆಮ್ಮದಿ. ಆಮೇಲೆ ಜೂಮ್ ಮಾಡಿ, ನಿಧಾನಗತಿ ಹಾಕಿ, ಏನಾದರೂ ಮಾಡಿ, ಫೀಲ್ಡಿನ ಗೊಡವೆಯೇ ಇಲ್ಲ. ಬೆಲೆ ಡಿಸ್ಕಿನ ಜಾಗ. ಎಡಿಟಿಂಗಿಗೆ ಬಳಸುವ ಪ್ರೋರೆಸ್ 422 ಮಾದರಿಯ 1080ಪಿ50 ಫೈಲು ಸೆಕೆಂಡಿಗೆ ಸುಮಾರು 245 ಮೆಗಾಬಿಟ್, ಗಂಟೆಗೆ ಸುಮಾರು 110 ಜಿಬಿ. ಕ್ಯಾಮ್‌ಕಾರ್ಡರಿನ ಮೂಲ ಎವಿಸಿಎಚ್‌ಡಿ ಫೈಲು ಸೆಕೆಂಡಿಗೆ ಹೆಚ್ಚೆಂದರೆ 24 ಮೆಗಾಬಿಟ್ ಇದ್ದದ್ದು, ಗಂಟೆಗೆ 11 ಜಿಬಿಯೂ ಆಗದು. ಅಷ್ಟು ಜಾಗ ಇಲ್ಲದಿದ್ದರೆ ಅದರ ಹಗುರ ರೂಪವಾದ ಪ್ರೋರೆಸ್ ಎಲ್‌ಟಿ ಸಾಕು.

ಕತ್ತರಿಸಿ ಜೋಡಿಸುವುದಷ್ಟೇ ಕೆಲಸವಾದರೆ ಎರಡನೆಯ ದಾರಿ ಹಗುರ: ಮೂಲದ ಹಾಗೆಯೇ ಇಂಟರ್‌ಲೇಸ್ಡ್ ಟೈಮ್‌ಲೈನಿನಲ್ಲಿ ಎಡಿಟ್ ಮಾಡಿ, ಅದೇ ಅಳತೆ ಅದೇ ಫೀಲ್ಡ್ ಸರದಿಯಲ್ಲಿ ಉನ್ನತ ಗುಣಮಟ್ಟದ ಮಧ್ಯಂತರ ಫೈಲು ತೆಗೆದು, ಆಮೇಲೆ ಒಟ್ಟಿಗೆ ಡಿಇಂಟರ್‌ಲೇಸ್ ಮಾಡುವುದು.

ಇವೆರಡೂ ಬೇಡ, ಎಡಿಟಿಂಗ್ ತಂತ್ರಾಂಶವೇ ಮಾಡಲಿ ಎನ್ನುವವರು ಒಂದು ಪರೀಕ್ಷೆ ಮಾಡಲೇಬೇಕು. 50ಪಿ ಎಂದು ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಚಲನೆಯ ಶಾಟನ್ನು ಫ್ರೇಮ್ ಫ್ರೇಮಾಗಿ ಸರಿಸಿ ನೋಡಿ. ಪ್ರತಿ ಫ್ರೇಮಿನಲ್ಲೂ ಕೈ ಮುಂದೆ ಸರಿದರೆ ಎರಡೂ ಫೀಲ್ಡ್ ಬಳಕೆಯಾಗಿವೆ. ಎರಡೆರಡು ಫ್ರೇಮ್ ಒಂದೇ ಥರ ಇದ್ದರೆ ತಂತ್ರಾಂಶ 25 ಮಾಡಿ ಅದನ್ನೇ ಎರಡು ಸಲ ತೋರಿಸಿದೆ. ಫೈಲಿನ ಮೇಲೆ 50 ಎಂಬ ಸಂಖ್ಯೆ ಇರುತ್ತದೆ, ಒಳಗೆ ಇರುವುದಿಲ್ಲ.

ಇನ್ನು ಬಿಟ್‌ರೇಟ್

1080ಪಿ ಅಪ್‌ಲೋಡಿಗೆ ಯೂಟ್ಯೂಬ್ ಸೂಚಿಸುವುದು 25 ಅಥವಾ 30 ಫ್ರೇಮಿಗೆ ಸೆಕೆಂಡಿಗೆ 8 ಮೆಗಾಬಿಟ್, 50 ಅಥವಾ 60ಕ್ಕೆ 12. ಅವರು ಹೇಗೂ ಮತ್ತೆ ಎನ್‌ಕೋಡ್ ಮಾಡುತ್ತಾರೆ. ಅವರ ಕೈಗೆ ಹೋಗುವ ಪ್ರತಿ ಆದಷ್ಟು ಚೊಕ್ಕವಾಗಿರಲಿ ಎಂದು ನಾನು ಎರಡು ಮೂರು ಪಟ್ಟು ಕೊಡುತ್ತೇನೆ. ಎಕ್ಸ್264 ಎನ್‌ಕೋಡರ್ ಬಳಸುವುದಾದರೆ ಬಿಟ್‌ರೇಟ್ ಬದಲು ಸಿಆರ್‌ಎಫ್ (ಗುಣಮಟ್ಟ ನಿಗದಿ ಮಾಡುವ ಅಂಕಿ) 16ರಿಂದ 18 ಇಟ್ಟರೆ ಎಷ್ಟು ಬೇಕೋ ಅಷ್ಟನ್ನು ಅದೇ ತೆಗೆದುಕೊಳ್ಳುತ್ತದೆ. ಎಂಪಿ4 ಪೊಟ್ಟಣ, ಎಚ್.264 ಹೈ ಪ್ರೊಫೈಲ್, ಪ್ರೋಗ್ರೆಸಿವ್, ಎಎಸಿ ಧ್ವನಿ 48 ಕಿಲೋಹರ್ಟ್ಸ್. 50ನ್ನು 60 ಮಾಡಲು ಹೋಗಬೇಡಿ, ಮೂಲ ಯಾವುದೋ ಅದೇ ಇರಲಿ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಫೀಲ್ಡ್ ಎಂಬ ಕಡೆ ಮೇಲಿನದು ಮೊದಲು ಎಂದೇ ಉಳಿದುಬಿಡುವುದು ಸಾಮಾನ್ಯ, ಅಲ್ಲಿ ಪ್ರೋಗ್ರೆಸಿವ್ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.

1440ಪಿ ಅಥವಾ 4ಕೆಗೆ ಹಿಗ್ಗಿಸಿ ಏರಿಸುವ ಉಪಾಯ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ವಿವರ ಹೆಚ್ಚಾಗುವುದಿಲ್ಲ, ಆದರೆ ದೊಡ್ಡ ಅಳತೆಗೆ ಯೂಟ್ಯೂಬ್ ಹೆಚ್ಚು ಬಿಟ್ ಕೊಡುತ್ತದೆ, ವಿಪಿ9ರಂಥ ಹೊಸ ಕೊಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಬಳಸುತ್ತದೆ. ಹುಲ್ಲು, ನೀರು, ಎಲೆಗಳ ಗಿಜಿಗಿಜಿ ಇರುವ ದೃಶ್ಯಗಳಲ್ಲಿ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಆದರೆ ಯಾಡಿಫ್ ಬಾಬ್ ಮಾಡಿದ ನಡುಗುವ ಚಿತ್ರವನ್ನು 4ಕೆ ಮಾಡುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಮೊದಲು ಕ್ಯೂಟಿಜಿಎಂಸಿಗೆ ಸಮಯ ಕೊಡಿ, ಹಿಗ್ಗಿಸುವುದು ಅನಂತರ.

ಅಪ್‌ಲೋಡ್ ಮುಗಿದ ಕೂಡಲೇ ತೆರೆದು ನೋಡಿ ಎದೆ ಒಡೆದುಕೊಳ್ಳಬೇಡಿ. ಯೂಟ್ಯೂಬ್ ಮೊದಲು ಚಿಕ್ಕ ಅಳತೆಯ ಪ್ರತಿಗಳನ್ನು ಸಿದ್ಧಪಡಿಸುತ್ತದೆ, 1080 ಮತ್ತು ಅದರ ಮೇಲಿನವು ತಡವಾಗಿ ಬರುತ್ತವೆ. 480ಪಿ ಮತ್ತು ಅದಕ್ಕಿಂತ ಕೆಳಗಿನ ಪ್ರತಿಗಳು 50ರ ಬದಲು 25 ಫ್ರೇಮಿನಲ್ಲೇ ಓಡುತ್ತವೆ. ಗೇರಿನ ಗುರುತನ್ನು ಒತ್ತಿದಾಗ ಪಟ್ಟಿಯಲ್ಲಿ 1080ಪಿ50 ಎಂದು ಕಾಣುವವರೆಗೆ ಕಾಯಿರಿ, ಆಮೇಲೆ ನಿಮ್ಮ ಮೂಲವನ್ನು ಪಕ್ಕದಲ್ಲಿಟ್ಟು ಅದೇ ಕೈ ಬೀಸುವ ಶಾಟನ್ನು ಹೋಲಿಸಿ ನೋಡಿ.